ಓಣಿಯೇ ಹೋಟೆಲಾದ ಯಾನಕ

ಚೆರ್ರಿ ಹೂ ಬಿಡುವ ಕಾಲ ಹತ್ತಿರವಾಯಿತೆಂದರೆ ಸಂಘದ ಸದಸ್ಯರಿಂದ ನನಗೆ ಬರುವ ಪ್ರಶ್ನೆ ಒಂದೇ. ಊರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಮನೆಯಲ್ಲಿ ಎಲ್ಲರಿಗೂ ಜಾಗ ಸಾಲದು, ಒಂದೆರಡು ರಾತ್ರಿ ಟೋಕಿಯೊದಲ್ಲಿ ಎಲ್ಲಿ ಉಳಿಸಿದರೆ ಚೆನ್ನ? ಶಿಂಜುಕುವಿನ ಎತ್ತರದ ಹೋಟೆಲುಗಳ ಹೆಸರು ಹೇಳುವುದು ಸುಲಭ. ಮೇಲಿನ ಮಹಡಿಯ ಕಿಟಕಿಯಿಂದ ಇಡೀ ನಗರ ಕಾಣುತ್ತದೆ ನಿಜ, ಆದರೆ ನಗರದ ಒಬ್ಬರ ಮುಖವೂ ಕಾಣುವುದಿಲ್ಲ. ಹಾಗಾಗಿ ಈಚೆಗೆ ನಾನು ಎಲ್ಲರಿಗೂ ಹೇಳುತ್ತಿರುವುದು ಟೋಕಿಯೊದ ಹಳೆಯ ಬಡಾವಣೆ ಯಾನಕದ ಹೆಸರು, ಅಲ್ಲಿಯ ‘ಹನಾರೆ’ ಎಂಬ ಐದು ಕೋಣೆಗಳ ಹೋಟೆಲಿನ ಹೆಸರು. ನನ್ನ ಅಮ್ಮ ಬಂದಾಗ ನಾವಿಬ್ಬರೂ ಉಳಿದದ್ದು ಅಲ್ಲಿಯೇ.

ನಿಪ್ಪೊರಿ ನಿಲ್ದಾಣದಲ್ಲಿ ಇಳಿದರೆ ಪಕ್ಕದಲ್ಲೇ ಯಾನಕದ ಸ್ಮಶಾನ. ಸ್ಮಶಾನವೆಂದು ಹಿಂಜರಿಯಬೇಕಾಗಿಲ್ಲ, ಅದರ ನಡುದಾರಿಯ ಎರಡೂ ಬದಿಗೆ ಚೆರ್ರಿ ಮರಗಳಿವೆ, ಜಪಾನಿನ ಕೊನೆಯ ಶೋಗನ್ (ಸೇನಾ ಆಡಳಿತಗಾರ) ತೊಕುಗವಾ ಯೊಶಿನೊಬುವಿನ ಸಮಾಧಿಯೂ ಇಲ್ಲಿಯೇ ಇದೆ. 1657ರಲ್ಲಿ ಎದೊ (ಇಂದಿನ ಟೋಕಿಯೊ) ನಗರವನ್ನು ಬೆಂಕಿ ಆಪೋಶನ ತೆಗೆದುಕೊಂಡ ಮೇಲೆ ನಗರದ ಒಳಗಿದ್ದ ಎಷ್ಟೋ ಬೌದ್ಧ ದೇವಾಲಯಗಳು ಅಂಚಿನಲ್ಲಿದ್ದ ಈ ದಿಬ್ಬಕ್ಕೆ ಬಂದವು. ಇಂದಿಗೂ ಎಪ್ಪತ್ತಕ್ಕೂ ಹೆಚ್ಚು ದೇವಾಲಯಗಳು ಇಲ್ಲಿವೆ. 1923ರ ಭೂಕಂಪ, 1945ರ ಬಾಂಬ್ ದಾಳಿ ಎರಡರಲ್ಲೂ ಟೋಕಿಯೊದ ಬಹುಭಾಗ ಸುಟ್ಟುಹೋದರೂ ಯಾನಕದ ಹೆಚ್ಚಿನ ಭಾಗ ಉಳಿಯಿತು. ಆದ್ದರಿಂದ ಓಣಿಗಳು ಹಳೆಯ ಅಳತೆಯಲ್ಲೇ ಇವೆ. ಕಾರು ನುಗ್ಗಲಾರದ ಕಡೆ ಮಕ್ಕಳು ಆಡುತ್ತಾರೆ, ಮನೆಗಳ ಹೊಸ್ತಿಲಿನಲ್ಲಿ ಹೂಕುಂಡಗಳ ಸಾಲು.

ಹನಾರೆಯ ಕಥೆ ಶುರುವಾಗುವುದು 1955ರಲ್ಲಿ ಕಟ್ಟಿದ ‘ಹಗಿಸೊ’ ಎಂಬ ಎರಡಂತಸ್ತಿನ ಮರದ ಬಾಡಿಗೆ ಮನೆಯಿಂದ. ನಮ್ಮ ಬೆಂಗಳೂರಿನ ಹಳೆಯ ವಠಾರಗಳನ್ನು ಕಂಡವರಿಗೆ ಅದರ ಬಗೆ ತಕ್ಷಣ ಅರ್ಥವಾದೀತು. ಪಕ್ಕದ ದೇವಾಲಯದ ಸ್ವತ್ತಾದ ಆ ಕಟ್ಟಡ ಹಲವು ಕಾಲ ಖಾಲಿ ಬಿದ್ದು, 2004ರ ಸುಮಾರಿಗೆ ಟೋಕಿಯೊ ಕಲಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮನೆಯೂ ಕಾರ್ಯಾಗಾರವೂ ಆಯಿತು. 2011ರ ದೊಡ್ಡ ಭೂಕಂಪದ ನಂತರ, ಇನ್ನು ಇದನ್ನು ಇಟ್ಟುಕೊಳ್ಳುವುದು ಅಪಾಯವೆಂದು ಕೆಡವಲು ತೀರ್ಮಾನಿಸಿದರು. ಅಲ್ಲಿದ್ದವರು ಕಟ್ಟಡಕ್ಕೆ ಅಂತ್ಯಸಂಸ್ಕಾರದ ಮಾದರಿಯಲ್ಲಿ ಬೀಳ್ಕೊಡುಗೆಯ ಪ್ರದರ್ಶನವೊಂದನ್ನು ಏರ್ಪಡಿಸಿದರು. ಗೋಡೆ, ನೆಲ, ಮಾಡು ಎಲ್ಲವೂ ಕಲಾಕೃತಿಗಳಾದವು. ಮೂರು ವಾರಗಳಲ್ಲಿ ಸುಮಾರು 1,500 ಮಂದಿ ನೋಡಲು ಬಂದರು. ಯಾರಿಗೂ ಬೇಡವೆಂದುಕೊಂಡಿದ್ದ ಮನೆಗೆ ಇಷ್ಟು ಜನ ಬಂದುದನ್ನು ಕಂಡು ಮಾಲೀಕರ ಮನಸ್ಸು ಬದಲಾಯಿತು. ಅಲ್ಲಿಯೇ ವಾಸವಿದ್ದ ವಾಸ್ತುಶಿಲ್ಪಿ ಮಿಯಜಾಕಿ ಮಿತ್ಸುಯೊಶಿ ಯೋಜನೆ ಮುಂದಿಟ್ಟರು. 2013ರಲ್ಲಿ ಹಗಿಸೊ ಕೆಫೆ ಮತ್ತು ಕಲಾ ಗ್ಯಾಲರಿಯಾಗಿ ಬಾಗಿಲು ತೆರೆಯಿತು. 2015ರಲ್ಲಿ ಹತ್ತಿರದ ಇನ್ನೊಂದು ಖಾಲಿ ಮರದ ಮನೆ ಸೇರಿಕೊಂಡು ಹನಾರೆ ಹುಟ್ಟಿತು.

ಈ ಹೋಟೆಲಿನ ವಿನ್ಯಾಸ ನನ್ನನ್ನು ಸೆಳೆದದ್ದು ಅದರಲ್ಲಿ ಇಲ್ಲದಿರುವ ಸಂಗತಿಗಳಿಂದ. ಸ್ವಾಗತದ ಮೇಜು ಹಗಿಸೊದ ಮಹಡಿಯಲ್ಲಿದೆ. ಅಲ್ಲಿ ಓಣಿಯ ನಕ್ಷೆಯೊಂದನ್ನು ಬಿಡಿಸಿಟ್ಟು, ಎಲ್ಲಿ ಊಟ, ಎಲ್ಲಿ ಸ್ನಾನ, ಯಾವ ಅಂಗಡಿಯಲ್ಲಿ ಏನು ಎಂದು ಸಾವಧಾನವಾಗಿ ಹೇಳುತ್ತಾರೆ. ಕೋಣೆ ಇರುವುದು ನಾಲ್ಕು ಹೆಜ್ಜೆ ಆಚೆಯ ಮನೆಯಲ್ಲಿ: ತತಾಮಿ ಚಾಪೆ, ಫುತೊನ್ ಹಾಸಿಗೆ, ಒಳಮಾಡನ್ನು ಬಿಚ್ಚಿದ್ದರಿಂದ ಕಾಣುವ ಹಳೆಯ ತೊಲೆಗಳು. ತೊಲೆಯ ಬಣ್ಣ ಕಪ್ಪಿಟ್ಟಿದೆ, ಪಕ್ಕದ ಗೋಡೆಯ ಗಾರೆ ಹೊಸದು. ಹೊಸದನ್ನು ಹಳೆಯದರಂತೆ ಕಾಣಿಸಲು ಯಾರೂ ಹೆಣಗಿಲ್ಲ. ಊಟದ ಮನೆಯಿಲ್ಲ, ಈಜುಕೊಳವಿಲ್ಲ, ಉಡುಗೊರೆ ಅಂಗಡಿಯಿಲ್ಲ. ಅವೆಲ್ಲ ಬೀದಿಯಲ್ಲಿ ಮೊದಲೇ ಇರುವಾಗ ಮತ್ತೆ ಕಟ್ಟುವುದೇಕೆ ಎಂಬುದು ಅವರ ಲೆಕ್ಕ. ಇಟಲಿಯಲ್ಲಿ 1976ರ ಫ್ರಿಯುಲಿ ಭೂಕಂಪದ ನಂತರ ಖಾಲಿಯಾದ ಹಳ್ಳಿಗಳನ್ನು ಉಳಿಸಲು ಇಂಥದೇ ಆಲೋಚನೆ ಹುಟ್ಟಿತ್ತು: ಊರಿನ ಬೇರೆ ಬೇರೆ ಮನೆಗಳಲ್ಲಿ ಕೋಣೆಗಳು, ಎಲ್ಲಕ್ಕೂ ಸೇರಿ ಒಂದೇ ಹೋಟೆಲು.

ಸ್ನಾನಕ್ಕೆ ಸೆಂಟೊ, ಅಂದರೆ ಸಾರ್ವಜನಿಕ ಸ್ನಾನಗೃಹ. ಹೋಟೆಲಿನವರು ಟಿಕೆಟನ್ನೂ ಟವೆಲನ್ನೂ ಕೊಟ್ಟು ಕಳುಹಿಸುತ್ತಾರೆ. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ವಿಭಾಗಗಳಿದ್ದರೂ ಅಪರಿಚಿತರ ನಡುವೆ ಬಟ್ಟೆ ಕಳಚಬೇಕೆಂದಾಗ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟರು. ಕೋಣೆಗಳಿರುವ ಕಟ್ಟಡದಲ್ಲಿ ಶವರ್ ಇದೆ, ಹಿಂದಿರುಗೋಣವೆಂದು ನಾನು ಹೇಳುತ್ತಿದ್ದಂತೆಯೇ ಒಳಗಿದ್ದ ವೃದ್ಧೆಯೊಬ್ಬರು ಪುಟ್ಟ ಸ್ಟೂಲನ್ನು ಅಮ್ಮನ ಕಡೆ ಸರಿಸಿ, ಹಳದಿ ಪ್ಲಾಸ್ಟಿಕ್ ಬೋಗುಣಿಯಲ್ಲಿ ನೀರು ತುಂಬಿ, ಮೊದಲು ಮೈ ತೊಳೆದುಕೊಂಡು ಆಮೇಲೆ ತೊಟ್ಟಿಗೆ ಇಳಿಯಬೇಕೆಂದು ಕೈಸನ್ನೆಯಲ್ಲೇ ತೋರಿಸಿದರು. ಬೋಗುಣಿಯ ತಳದಲ್ಲಿ ‘ಕೆರೊರಿನ್’ ಎಂಬ ನೋವಿನ ಔಷಧಿಯ ಹೆಸರು. 1963ರಲ್ಲಿ ಆರಂಭವಾದ ಈ ಜಾಹೀರಾತು ಬೋಗುಣಿ ಇಂದಿಗೂ ಎಷ್ಟೋ ಸೆಂಟೊಗಳಲ್ಲಿದೆ. ಅಭ್ಯಂಜನದ ನೀರಿಗೆ ಒಗ್ಗಿದ ಅಮ್ಮ ಆ ಬಿಸಿ ತೊಟ್ಟಿಯಿಂದ ಏಳಲು ಒಪ್ಪಲೇ ಇಲ್ಲ.

1968ರಲ್ಲಿ ಟೋಕಿಯೊದಲ್ಲಿ 2,687 ಸೆಂಟೊಗಳಿದ್ದವು. ಮನೆಮನೆಗೂ ಸ್ನಾನದ ಕೋಣೆ ಬಂತು, ಇಂಧನದ ಬೆಲೆ ಏರಿತು, ನಡೆಸುವವರಿಗೆ ವಯಸ್ಸಾಯಿತು. ಈಗ ಐನೂರಕ್ಕಿಂತಲೂ ಕಡಿಮೆ ಉಳಿದಿವೆ. ಯಾನಕದಲ್ಲೇ ಕಶಿವಯು ಎಂಬ ಇನ್ನೂರು ವರ್ಷಗಳ ಇತಿಹಾಸದ ಸ್ನಾನಗೃಹ ಮುಚ್ಚಿ, 1993ರಲ್ಲಿ ಕಲಾ ಗ್ಯಾಲರಿಯಾಗಿ ಬದಲಾಯಿತು. ಕಟ್ಟಡವಾದರೂ ಉಳಿಯಿತೆಂಬ ಸಮಾಧಾನ ನನಗಿದೆ. ಆದರೆ ಸ್ನಾನಗೃಹ ಸ್ನಾನಗೃಹವಾಗಿಯೇ ಉಳಿಯಬೇಕಾದರೆ ಅಲ್ಲಿಗೆ ಸ್ನಾನಕ್ಕೆ ಹೋಗುವವರು ಬೇಕು, ಹನಾರೆ ಅವರನ್ನು ದಿನವೂ ಕಳುಹಿಸುತ್ತಿದೆ. ಒಂದು ಹೋಟೆಲು ತನ್ನ ನೆರೆಯವರಿಗೆ ಮಾಡಬಹುದಾದ ಇದಕ್ಕಿಂತ ದೊಡ್ಡ ಉಪಕಾರ ನನಗೆ ತೋಚುವುದಿಲ್ಲ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಮೊದಲೇ ತಿಳಿಸಬೇಕು. ಬೆಳಗಿನ ತಿಂಡಿ ಹಗಿಸೊದ ಕೆಫೆಯಲ್ಲಿ, ಅನ್ನ, ಮಿಸೊ ಸಾರು ಮತ್ತು ನಂಚಿಕೊಳ್ಳುವ ಬಗೆಬಗೆಯ ಪದಾರ್ಥಗಳು. ಸಾರು ನೋಡಲು ತಿಳಿಯಾಗಿದ್ದರೂ ಅದರ ತಳಹದಿಯಾದ ದಾಶಿಯನ್ನು ಸಾಮಾನ್ಯವಾಗಿ ಒಣಗಿಸಿದ ಮೀನಿನಿಂದ ಮಾಡುತ್ತಾರೆ. ಮಂಡಿನೋವಿನ ಹಿರಿಯರಿದ್ದರೆ ಇನ್ನೊಂದು ಮಾತು: ಹಳೆಯ ಮರದ ಮನೆಗಳ ಮೆಟ್ಟಿಲು ಕಡಿದಾದದ್ದು, ಮಲಗುವುದು ನೆಲದ ಮೇಲೆ, ಶೌಚಾಲಯ ಎಲ್ಲರಿಗೂ ಸಾಮಾನ್ಯ. ಇದಕ್ಕೆ ಒಗ್ಗದವರನ್ನು ಬೇರೆಡೆ ಉಳಿಸಿ, ಹಗಲು ಯಾನಕಕ್ಕೆ ಕರೆತನ್ನಿ. 1864ರಲ್ಲಿ ಶುರುವಾದ ಇಸೆತತ್ಸು ಅಂಗಡಿಯ ಅಚ್ಚಿನ ಕಾಗದಗಳನ್ನು ತೋರಿಸಿ. ಮೂರು ಓಣಿ ಕೂಡುವಲ್ಲಿ ಪುಟ್ಟ ಬ್ರೆಡ್ಡಿನಂಗಡಿಯ ಮೇಲೆ ಕೊಡೆ ಹಿಡಿದು ನಿಂತಿರುವ ದೇವದಾರು ಮರವನ್ನೂ ತೋರಿಸಿ. ಹಿಮಾಲಯ ಮೂಲದ ಆ ಮರ ಅಂಗಡಿಯವರ ಹಿರಿಯರು ಕುಂಡದಲ್ಲಿ ನೆಟ್ಟ ಸಸಿಯಿಂದ ಬೆಳೆದದ್ದು.

ಸಂಪಾದಕಿಯಾಗಿ ನನಗೆ ಯಾನಕ ಹತ್ತಿರವಾದುದಕ್ಕೆ ಮತ್ತೂ ಒಂದು ಕಾರಣವಿದೆ. 1984ರಲ್ಲಿ ಮೋರಿ ಮಯುಮಿ ಮತ್ತು ಇನ್ನಿಬ್ಬರು ಮಹಿಳೆಯರು, ಪುಟ್ಟ ಮಕ್ಕಳನ್ನು ಸಾಕುತ್ತಲೇ, ಯಾನಕ, ನೆಜು, ಸೆಂದಗಿ ಎಂಬ ಮೂರು ಪಕ್ಕದ ಬಡಾವಣೆಗಳ ಬಗ್ಗೆ ಒಂದು ಪತ್ರಿಕೆ ಆರಂಭಿಸಿದರು. ಹಿರಿಯರ ಜಗಲಿಯಲ್ಲಿ ಕೂತು ಅವರ ನೆನಪುಗಳನ್ನು ಬರೆದುಕೊಂಡರು, ಪ್ರತಿಗಳನ್ನು ಸೈಕಲ್ ಮೇಲೆ ಅಂಗಡಿಗಳಿಗೆ ಹಂಚಿದರು. ಪತ್ರಿಕೆ 2009ರವರೆಗೆ ನಡೆಯಿತು. ಯುಎನೊದ 1890ರ ಸಂಗೀತ ಸಭಾಂಗಣ, ಟೋಕಿಯೊ ನಿಲ್ದಾಣದ ಕೆಂಪು ಇಟ್ಟಿಗೆಯ ಕಟ್ಟಡ, ಇವುಗಳನ್ನು ಉಳಿಸುವ ಹೋರಾಟಗಳಲ್ಲೂ ಮೋರಿ ತೊಡಗಿಕೊಂಡರು. ಹಗಿಸೊವನ್ನು ನೋಡಲು ಬಂದ ಆ 1,500 ಮಂದಿಗೆ ಹಳೆಯ ಮನೆಯೊಂದು ನೋಡತಕ್ಕದ್ದೆಂದು ಅನ್ನಿಸಿದ್ದರ ಹಿಂದೆ ಅಷ್ಟು ವರ್ಷಗಳ ಇಂಥ ಬರಹದ ದುಡಿಮೆ ಇದೆಯೆಂದೇ ನಾನು ನಂಬಿದ್ದೇನೆ.

ಆದ್ದರಿಂದ ಮುಂದಿನ ಸಂಚಿಕೆಯಿಂದ ‘ನಮ್ಮ ಓಣಿ’ ಎಂಬ ಅಂಕಣ ಆರಂಭಿಸುತ್ತಿದ್ದೇವೆ. ನಿಶಿಕಸಾಯಿಯಿರಲಿ, ಯೊಕೊಹಾಮಾ ಇರಲಿ, ನೀವು ವಾಸಿಸುವ ಬೀದಿಯ ಒಂದು ಅಂಗಡಿ, ಸೆಂಟೊ ಅಥವಾ ದೇವಾಲಯದ ಬಗ್ಗೆ, ಅದನ್ನು ನಡೆಸುವವರೊಡನೆ ಮಾತನಾಡಿ, 300 ಪದಗಳಲ್ಲಿ ಬರೆಯಿರಿ. ಜಪಾನಿ ಭಾಷೆ ಅಷ್ಟಾಗಿ ಬಾರದವರಿಗೆ ಜೊತೆಯಲ್ಲಿ ಬರಲು ನಮ್ಮ ಸಂಘದ ಕಾಲೇಜು ಮಕ್ಕಳು ಒಪ್ಪಿದ್ದಾರೆ. ಫೋಟೊ ತೆಗೆಯುವ ಮುನ್ನ ಅಂಗಡಿಯವರ ಅನುಮತಿ ಕೇಳಿ, ಬರಹಗಳನ್ನು ತಿಂಗಳ ಕೊನೆಯೊಳಗೆ ಕಳುಹಿಸಿ.