ಅರೆಬೆಂದ ಮೊಟ್ಟೆಗೆ ಆರೂವರೆ ನಿಮಿಷ

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊಟ್ಟೆ ಒಂದು ದಿನ ಲೋಳೆ, ಮರುದಿನ ಗಟ್ಟಿ ಎಂದು ಬರೆದಿದ್ದೀಯ. ತಣ್ಣೀರಲ್ಲಿ ಮೊಟ್ಟೆ ಇಟ್ಟು ಒಲೆ ಹೊತ್ತಿಸುವುದನ್ನು ಮೊದಲು ಬಿಡು. ನೀರು ಕುದಿಗೆ ಬರುವ ಹೊತ್ತು ಪಾತ್ರೆಗೊಂದು, ಉರಿಗೊಂದು. ಅಷ್ಟರಲ್ಲಿ ಮೊಟ್ಟೆ ಎಷ್ಟು ಬೆಂದಿತೆಂದು ಯಾವ ಗಡಿಯಾರವೂ ಹೇಳದು.

ನಾಲ್ಕು ಮೊಟ್ಟೆಗೆ ಒಂದೂವರೆ ಲೀಟರ್ ನೀರು ಕುದಿಸು. ನೀರು ಕಡಿಮೆಯಾದರೆ ತಣ್ಣನೆಯ ಮೊಟ್ಟೆ ಬಿದ್ದೊಡನೆ ಕುದಿ ನಿಂತುಹೋಗಿ ಲೆಕ್ಕ ತಪ್ಪುತ್ತದೆ. ಫ್ರಿಜ್‌ನಿಂದ ತೆಗೆದ ಮೊಟ್ಟೆಗಳನ್ನು ಸೌಟಿನಲ್ಲಿಟ್ಟು ಒಂದೊಂದಾಗಿ ನಿಧಾನಕ್ಕೆ ಇಳಿಸು, ಎತ್ತಿ ಹಾಕಬೇಡ. ಆಮೇಲೆ ಉರಿ ತಗ್ಗಿಸಿ, ಸಣ್ಣಗೆ ಕುದಿಯುತ್ತಿರಲಿ. ಕೊತಕೊತ ಕುದಿದರೆ ಮೊಟ್ಟೆಗಳು ಒಂದಕ್ಕೊಂದು ಬಡಿದು ಓಡು ಸೀಳುತ್ತವೆ.

ಸುಮಾರು 55 ಗ್ರಾಂ ತೂಗುವ ಮೊಟ್ಟೆಗೆ ಆರು ನಿಮಿಷ ಕೊಟ್ಟರೆ ಹಳದಿ ಹರಿಯುತ್ತದೆ. ಆರೂವರೆಗೆ ಅಂಚು ಜೇನಿನಷ್ಟು ಮಂದವಾಗುತ್ತದೆ. ನನಗೆ ಇದೇ ಸರಿ. ಏಳೂವರೆ ದಾಟಿತೋ, ಅರೆಬೆಂದದ್ದು ಎನ್ನುವ ಹೆಸರು ಹೋಯಿತು. ಮೊಟ್ಟೆ ಹೊರಗಿಟ್ಟದ್ದಾದರೆ ಅರ್ಧ ನಿಮಿಷ ಕಳೆ, ತೀರಾ ದೊಡ್ಡದಾದರೆ ಅರ್ಧ ಕೂಡಿಸು. ಎತ್ತರದ ಊರಿನಲ್ಲಿ ಪ್ರತಿ 300 ಮೀಟರಿಗೆ ನೀರು ಹೆಚ್ಚುಕಡಿಮೆ ಒಂದು ಡಿಗ್ರಿ ಕೆಳಗೇ ಕುದಿಯುವುದರಿಂದ ಅಲ್ಲೂ ಸ್ವಲ್ಪ ಹೆಚ್ಚು ಹೊತ್ತು ಬೇಕು.

ಅರ್ಧ ನಿಮಿಷಕ್ಕೆ ಇಷ್ಟು ಬೆಲೆ ಯಾಕೆ ಗೊತ್ತೇ? ಬಿಳಿ 62–65 ಡಿಗ್ರಿಗೆ ಹೆಪ್ಪುಗಟ್ಟಲು ತೊಡಗಿದರೂ ಪೂರ್ತಿ ಗಟ್ಟಿಯಾಗಲು 80ರ ಹತ್ತಿರ ಬರಬೇಕು. ಹಳದಿಯೋ, 70ಕ್ಕೇ ಗಟ್ಟಿ. ಹೊರಗಿನದಕ್ಕೆ ಹೆಚ್ಚು ಬಿಸಿ, ಒಳಗಿನದಕ್ಕೆ ಕಡಿಮೆ! ಹಾಗಾಗಿ ಬಿಸಿ ಜೋರಾಗಿ ತಾಗಬೇಕು, ಒಳಗೆ ಮುಟ್ಟುವ ಮೊದಲೇ ನಿಲ್ಲಬೇಕು. ನಿಲ್ಲಿಸುವುದಕ್ಕೆ ಐಸ್ ನೀರು ಮೊದಲೇ ಸಿದ್ಧವಿರಲಿ. ಒಲೆ ಆರಿಸಿದರೆ ಸಾಲದು, ಓಡಿನೊಳಗಿನ ಬಿಸಿ ಬೇಯಿಸುತ್ತಲೇ ಇರುತ್ತದೆ. ಬಿಸಿಬಿಸಿ ತಿನ್ನುವುದಾದರೆ ಅರ್ಧ ನಿಮಿಷ ಅದ್ದಿ ತೆಗೆ, ಸುಲಿಯುವುದಾದರೆ ಐದು ನಿಮಿಷ ಬಿಡು.

ಸುಲಿಯುವಾಗ ಅಗಲ ತುದಿಯಿಂದ ಶುರುಮಾಡು, ಗಾಳಿಚೀಲ ಇರುವುದು ಅಲ್ಲೇ. ಸುತ್ತಲೂ ಮೆಲ್ಲಗೆ ತಟ್ಟಿ, ನೀರೊಳಗೇ ಬಿಡಿಸು. ಅರೆಬೆಂದದ್ದನ್ನು ಒತ್ತಿದರೆ ಒಡೆಯುತ್ತದೆ. ಇಂದೇ ಇಟ್ಟ ಮೊಟ್ಟೆ ಸುಲಿಯಲು ಕಾಡುತ್ತದೆ, ಅದರ ಬಿಳಿ ಒಳಪೊರೆಗೆ ಅಂಟಿಕೊಂಡಿರುತ್ತದೆ. ವಾರ ಕಳೆದದ್ದು ಸಲೀಸು. ನೀರಿಗೆ ವಿನೆಗರ್ ಹಾಕಿದರೆ ಓಡು ಬಿರಿಯದು ಎನ್ನುವವರಿದ್ದಾರೆ. ಬಿರಿಯುತ್ತದೆ, ಸೋರಿದ ಬಿಳಿ ಮಾತ್ರ ಬೇಗ ಹೆಪ್ಪುಗಟ್ಟಿ ಬಿರುಕು ಮುಚ್ಚುತ್ತದೆ.

ಒಂದು ಮಾತು ಮರೆಯಬೇಡ. ಹರಿಯುವ ಹಳದಿಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯದೆ ಉಳಿದಿರಬಹುದು. ಬಸುರಿಯರಿಗೆ, ಎಳೆಮಕ್ಕಳಿಗೆ, ವಯಸ್ಸಾದವರಿಗೆ, ಕಾಯಿಲೆಯಿಂದ ಬಳಲಿದವರಿಗೆ ಹನ್ನೆರಡು ನಿಮಿಷ ಬೇಯಿಸಿಯೇ ಕೊಡು. ಬಿರುಕು ಬಿಟ್ಟ ಮೊಟ್ಟೆಯನ್ನು ಅರೆಬೇಯಿಸಲು ಆರಿಸಲೇಬೇಡ.

ಇಂತಿ,
ನಿನ್ನ ದೊಡ್ಡಮ್ಮ