ಹಳೇ ರೈಲು ದಾರಿಯಲ್ಲಿ ಸೈಕಲ್: ಅಪ್ಪ ಅಮ್ಮನಿಗೆ ಒಂದು ಕಾಗದ

ಲಿಯಾನ್,
ಮೇ ತಿಂಗಳ ಕೊನೆ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾವು ಮೂವರೂ ಇಲ್ಲಿ ಚೆನ್ನಾಗಿದ್ದೇವೆ. ಮೊನ್ನೆ ಫೋನಿನಲ್ಲಿ ಅಪ್ಪ ಕೇಳಿದಿರಿ, "ಕಾರು ಬಿಟ್ಟು ಸೈಕಲ್ಲಲ್ಲಿ ಊರೂರು ತಿರುಗೋದು ಯಾಕಮ್ಮ, ಅದೂ ಮಗೂನ ಕರ್ಕೊಂಡು?" ಅಂತ. ಅಷ್ಟರಲ್ಲಿ ಲೈನ್ ಕಟ್ ಆಯಿತು. ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತೂ ಅಲ್ಲ. ಅದಕ್ಕೇ ಈ ಕಾಗದ. ಮೊದಲೇ ಹೇಳಿಬಿಡುತ್ತೇನೆ: ಸೆಪ್ಟೆಂಬರಿನಲ್ಲಿ ನೀವಿಬ್ಬರೂ ಇಲ್ಲಿಗೆ ಬರಬೇಕು, ಫ್ರಾನ್ಸಿನ ಒಂದು ಹಳೇ ರೈಲು ದಾರಿಯಲ್ಲಿ ನಮ್ಮ ಜೊತೆ ಸೈಕಲ್ ತುಳಿಯಬೇಕು. ಇಷ್ಟುದ್ದ ಬರೆಯುತ್ತಿರುವುದೇ ಅದಕ್ಕೆ.

ಮೇ ತಿಂಗಳಲ್ಲಿ ಇಲ್ಲಿ ರಜಾ ಜಾಸ್ತಿ. ನಾವು ಹೋಗಿದ್ದು ಬರ್ಗಂಡಿ ಸೀಮೆಯ ದಕ್ಷಿಣ ಭಾಗಕ್ಕೆ. ಸೈಕಲ್‌ಗಳನ್ನು ರೈಲಿನ ಬೋಗಿಯೊಳಗೇ ಹತ್ತಿಸಿಕೊಂಡು ಶಾಲೋನ್ ಎಂಬ ಊರಿನಲ್ಲಿ ಇಳಿದೆವು. ಸೋನ್ ನದಿಯ ದಂಡೆಯ ಮೇಲಿನ ಊರು. ಫೋಟೋ ತೆಗೆಯುವ ವಿದ್ಯೆಯನ್ನು ಕಂಡುಹಿಡಿದ ನಿಸೆಫೋರ್ ನಿಯೆಪ್ಸ್ 1765ರಲ್ಲಿ ಹುಟ್ಟಿದ್ದು ಇಲ್ಲೇ. ಅವರ ಹೆಸರಿನ ಮ್ಯೂಸಿಯಂ ಕೂಡ ಇದೆ. ಈ ಸಲ ನೋಡಲಾಗಲಿಲ್ಲ, ಅಪ್ಪ ಬಂದಾಗ ನೋಡೋಣ ಅಂತ ಬಿಟ್ಟಿದ್ದೇನೆ.

ಶಾಲೋನಿನ ಹತ್ತಿರವೇ ಜಿವ್ರಿ ಅಂತ ದ್ರಾಕ್ಷಿ ಬೆಳೆಯುವ ಊರು. ಅಲ್ಲಿಂದ ಕ್ಲ್ಯೂನಿ ಎಂಬ ಹಳೇ ಪಟ್ಟಣದ ತನಕ ಹಿಂದೆ ಒಂದು ರೈಲು ಮಾರ್ಗ ಇತ್ತು. ರೈಲು ನಿಂತುಹೋಯಿತು, ಹಳಿ ಕಿತ್ತರು. ಆದರೆ ಆ ಜಾಗವನ್ನು ಹೊಲಕ್ಕೂ ಸೈಟಿಗೂ ಬಿಡಲಿಲ್ಲ. ಅದರ ಮೇಲೇ ಡಾಂಬರು ಹಾಕಿ, ನಡೆಯುವವರಿಗೆ, ಸೈಕಲ್‌ನವರಿಗೆ, ಗಾಲಿಕುರ್ಚಿಯವರಿಗೆ ಅಂತ ಬಿಟ್ಟುಕೊಟ್ಟರು. 1997ರಲ್ಲಿ ತೆರೆದದ್ದು. ಸುಮಾರು 44 ಕಿಲೋಮೀಟರ್. ಫ್ರಾನ್ಸಿನಲ್ಲಿ 'ಹಸಿರು ದಾರಿ' ಅನ್ನುವ ಈ ಬಗೆಯ ರಸ್ತೆಗಳಲ್ಲಿ ಇದೇ ಮೊದಲನೆಯದು. ಈಗ ದೇಶದ ತುಂಬ ಇವೆ.

ರೈಲು ದಾರಿ ಆಗಿದ್ದರಿಂದ ಒಂದು ದೊಡ್ಡ ಅನುಕೂಲ. ರೈಲು ಕಡಿದಾದ ದಿಣ್ಣೆ ಹತ್ತಲಾರದು. ಹಾಗಾಗಿ ಆ ಕಾಲದ ಇಂಜಿನಿಯರುಗಳು ಗುಡ್ಡ ಬಂದ ಕಡೆ ಕಡಿದಿದ್ದಾರೆ, ತಗ್ಗು ಬಂದ ಕಡೆ ಮಣ್ಣು ತುಂಬಿ ಏರಿ ಕಟ್ಟಿದ್ದಾರೆ. ಸುತ್ತ ಎಲ್ಲಾ ಗುಡ್ಡಗಳೇ, ಆದರೆ ನಮ್ಮ ಚಕ್ರದ ಕೆಳಗಿನ ದಾರಿ ಮಾತ್ರ ಸಮ. ಏರುತ್ತಿದ್ದೇವೆ ಅನ್ನುವುದು ಕಾಲಿಗೆ ಗೊತ್ತೇ ಆಗುವುದಿಲ್ಲ. ಎಪ್ಪತ್ತು ದಾಟಿದ ಗಂಡ ಹೆಂಡತಿಯರು ಬ್ಯಾಗು ನೇತುಹಾಕಿಕೊಂಡು ಆರಾಮಾಗಿ ಹೋಗುತ್ತಿದ್ದರು. ನಿಮ್ಮ ಮೊಮ್ಮಗ ಅವನ ಪುಟ್ಟ ಸೈಕಲ್‌ನಲ್ಲಿ ಅವರ ಜೊತೆ ಪಂದ್ಯಕ್ಕೆ ಬಿದ್ದ.

ಅಪ್ಪ, ನಿಮಗೆ ನಮ್ಮ ನಾಲೆ ಏರಿ ನೆನಪಾಗುತ್ತದೆ ಅಲ್ವಾ? ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ನನ್ನನ್ನು ಮುಂದಿನ ಬಾರ್ ಮೇಲೆ ಕೂರಿಸಿಕೊಂಡು ಅತ್ತೆ ಮನೆಗೆ ಹೋಗುತ್ತಿದ್ದಿರಿ. ನೀರು ಹರಿಯುವ ಜಾಡೂ ಹೀಗೇ ಸಮ. ದಾರಿಯುದ್ದಕ್ಕೂ ನೀವು ಕಥೆ ಹೇಳುತ್ತಿದ್ದಿರಿ, ನನಗೆ ಒಂದೊಂದು ಮಾತೂ ಕೇಳಿಸುತ್ತಿತ್ತು. ಊರ ಮುಂದಿನ ರಸ್ತೆ ಅಗಲವಾಗಿ, ಒಂದು ಬಸ್ಸು ನಿಮ್ಮ ಮೊಣಕೈ ಸವರಿಕೊಂಡು ಹೋದ ಮೇಲೆ ನೀವು ಸೈಕಲ್ ಹಿತ್ತಿಲಿಗೆ ಸೇರಿಸಿದಿರಿ. ಆಮೇಲೆ ನಾವಿಬ್ಬರೂ ಹಾಗೆ ದಾರಿಯಲ್ಲಿ ಮಾತಾಡಿದ್ದು ನನಗೆ ನೆನಪಿಲ್ಲ.

ಈ ದಾರಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ, ಮಾತು. ಕಾರು, ಬೈಕು ಒಂದೂ ಇಲ್ಲ. ದಾರಿ ಮೂರು ಮೀಟರಿನಷ್ಟು ಅಗಲ. ಅಕ್ಕಪಕ್ಕ ಸೈಕಲ್ ತುಳಿಯುತ್ತಾ, ದನಿ ಏರಿಸದೆ ಮಾತಾಡಬಹುದು. ಹಿಂದಿನಿಂದ ಹಾರ್ನ್ ಬರುತ್ತದೆ ಅಂತ ಕಿವಿ ನೆಟ್ಟಗೆ ಮಾಡಿಕೊಂಡಿರುವ ಅಭ್ಯಾಸ ಮೊದಲ ಅರ್ಧ ದಿನ ಹೋಗಲೇ ಇಲ್ಲ. ಹೋದ ಮೇಲೆ ಬೇರೆ ಎಲ್ಲಾ ಕೇಳಿಸತೊಡಗಿತು. ಪೊದೆಯೊಳಗೆ ನೈಟಿಂಗೇಲ್ ಹಕ್ಕಿ, ಅದು ಹಗಲಲ್ಲೂ ಹಾಡುತ್ತದೆ. ದೂರದಲ್ಲಿ ಕುಕ್ಕೂ ಹಕ್ಕಿ. ಬೇಲಿಯಾಚೆ ಬಿಳೀ ಹಸುಗಳು ಹುಲ್ಲು ಕಿತ್ತು ತಿನ್ನುವ ಚರ ಚರ ಸದ್ದು. ಅವು ಶರೊಲೇ ತಳಿಯ ಹಸುಗಳು, ಮೈಯೆಲ್ಲ ಕೆನೆ ಬಣ್ಣ, ತುಂಬ ಗಟ್ಟಿಮುಟ್ಟು, ಇದೇ ಸೀಮೆಯವು. ಮಗ ಶಾಲೆಯಲ್ಲಿ ಯಾರೋ ಕಾಡಿಸಿದ ವಿಷಯವನ್ನು ತಿಂಗಳಿಂದ ಬಾಯಿ ಬಿಟ್ಟಿರಲಿಲ್ಲ. ಇಲ್ಲಿ, ನನ್ನ ಪಕ್ಕದಲ್ಲಿ ತುಳಿಯುತ್ತಾ, ಮುಂದೆ ನೋಡಿಕೊಂಡೇ ಎಲ್ಲಾ ಹೇಳಿದ. ಮನೆಯಲ್ಲಿ ಎದುರು ಕೂರಿಸಿಕೊಂಡು ಕೇಳಿದ್ದರೆ ಹೇಳುತ್ತಿರಲಿಲ್ಲ.

ಹಳ್ಳಿಗಳ ಬಗ್ಗೆ ಅಮ್ಮನಿಗೆ ಹೇಳಬೇಕು. ಬುಸ್ಸಿ ಊರಿನ ಸುತ್ತ ದಿಬ್ಬಗಳ ತುಂಬ ದ್ರಾಕ್ಷಿ ಸಾಲು. ಸಾಂ ಜಾಂಗು ಊರಿನಲ್ಲಿ ಕಲ್ಲು ಹಾಸಿದ ಇಕ್ಕಟ್ಟು ಓಣಿಗಳು, ಮಧ್ಯಕಾಲದ ಮನೆಗಳು, ಅವುಗಳ ಬಾಗಿಲ ಪಕ್ಕ ಗುಲಾಬಿ ಬಳ್ಳಿ. ಆದರೆ ನಾನು ಜಾಸ್ತಿ ಹೊತ್ತು ಕೂತಿದ್ದು ಒಂದು ಸಣ್ಣ ಹಳ್ಳಿಯ ಬಟ್ಟೆ ಒಗೆಯುವ ಕೊಳದ ಹತ್ತಿರ. ಇಲ್ಲಿನ ಹಳ್ಳಿಗಳಲ್ಲಿ ಇಂಥವು ಇನ್ನೂ ಉಳಿದಿವೆ, ಅವಕ್ಕೆ ಲಾವ್ವಾರ್ ಅನ್ನುತ್ತಾರೆ. ಹೆಂಚಿನ ಮಾಡು, ಕೆಳಗೆ ಉದ್ದನೆಯ ಕಲ್ಲಿನ ತೊಟ್ಟಿ. ಒಂದು ಕಡೆಯಿಂದ ಒರತೆ ನೀರು ಬೀಳುತ್ತದೆ, ಇನ್ನೊಂದು ಕಡೆಯಿಂದ ಹರಿದು ಹೋಗುತ್ತದೆ. ಅಂಚಿನ ಕಲ್ಲುಗಳನ್ನು ನೀರಿನ ಕಡೆಗೆ ಇಳಿಜಾರಾಗಿ ಕೂರಿಸಿದ್ದಾರೆ. ಬಟ್ಟೆ ಕುಕ್ಕಿ ಕುಕ್ಕಿ ಆ ಕಲ್ಲುಗಳ ನಡುಭಾಗ ಸವೆದು ತಗ್ಗಾಗಿದೆ, ಕೈಯಾಡಿಸಿದರೆ ನುಣ್ಣಗೆ. ಒಂದೊಂದು ತಗ್ಗಿನಲ್ಲೂ ಒಬ್ಬೊಬ್ಬ ಹೆಂಗಸು ಮಂಡಿಯೂರಿ ಕೂತಿದ್ದಳು. ಮಂಡಿಗೆ ನೋವಾಗದಿರಲಿ ಅಂತ ಹುಲ್ಲು ತುಂಬಿದ ಮರದ ಪೆಟ್ಟಿಗೆ ಇಟ್ಟುಕೊಳ್ಳುತ್ತಿದ್ದರಂತೆ. ಚಳಿಗಾಲದಲ್ಲಿ ಆ ತಣ್ಣೀರಿನಲ್ಲಿ ಕೈಯಿಡುವುದು ಎಂಥ ಕಷ್ಟ ಅಂತ ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರಮನೆ, ಕೋಟೆಗಳಿಗೆ ಬೋರ್ಡು ಇದ್ದೇ ಇರುತ್ತದೆ. ಇದನ್ನೂ ಮಾಡು ರಿಪೇರಿ ಮಾಡಿಸಿ, ಹೂವಿನ ಕುಂಡ ಇಟ್ಟು ಕಾಪಾಡಿಕೊಂಡಿದ್ದಾರಲ್ಲ, ಅದು ನನಗೆ ತುಂಬ ದೊಡ್ಡ ವಿಷಯ ಅನ್ನಿಸಿತು.

ಹಾಗಂತ ಈ ನಿಶ್ಶಬ್ದ ಪೂರ್ತಿ ಚೆಂದದ್ದೇ ಅಂತ ಹೇಳಲಾರೆ. ಎಷ್ಟೋ ಮನೆಗಳ ಕಿಟಕಿ ಬಾಗಿಲು ಮುಚ್ಚಿಯೇ ಇದ್ದವು. ವಯಸ್ಸಿನ ಮಕ್ಕಳು ಲಿಯಾನ್, ಪ್ಯಾರಿಸ್ ಸೇರಿದ್ದಾರೆ. ಕೆಲವು ಹಳ್ಳಿಗಳಲ್ಲಿ ಅಂಗಡಿ ಒಂದೂ ಇಲ್ಲ. ಒಬ್ಬರು ಅಜ್ಜಿ ಗೇಟಿನ ಹತ್ತಿರ ನಿಂತಿದ್ದವರು ಮಗನನ್ನು ನೋಡಿ ಕರೆದು ಚೆರ್ರಿ ಹಣ್ಣು ಕೊಟ್ಟರು. ಎಲ್ಲಿಂದ ಬಂದಿರಿ, ಮಗುವಿಗೆ ಎಷ್ಟು ವಯಸ್ಸು, ಇವತ್ತು ಎಲ್ಲಿ ಉಳಿಯುತ್ತೀರಿ ಅಂತ ಒಂದರ ಮೇಲೊಂದು ಕೇಳಿದರು. ನಾವು ಹೊರಟ ಮೇಲೂ ಗೇಟಿನಲ್ಲೇ ನಿಂತಿದ್ದರು. ಸೈಕಲ್‌ನವರು ಬರತೊಡಗಿದ ಮೇಲೆ ದಾರಿ ಬದಿಯ ಊರುಗಳಲ್ಲಿ ಒಂದು ಕಾಫಿ ಅಂಗಡಿ, ಒಂದು ಬ್ರೆಡ್ ಅಂಗಡಿ, ಮೇಲಂತಸ್ತಿನಲ್ಲಿ ಬಾಡಿಗೆ ಕೋಣೆ ಅಂತ ಸ್ವಲ್ಪ ಜೀವ ಇದೆ. ನಾವು ಉಳಿದದ್ದೂ ಅಂಥ ಮನೆಗಳಲ್ಲೇ. ಬೆಳಿಗ್ಗೆ ಬ್ರೆಡ್, ಬೆಣ್ಣೆ, ಮನೆಯಲ್ಲೇ ಮಾಡಿದ ಜಾಮ್ ಕೊಡುತ್ತಾರೆ.

ಊಟದ ಚಿಂತೆ ಬೇಡ ಅಮ್ಮ. ಆದರೆ ಹೊತ್ತು ಮೀರಬಾರದು. ಮಧ್ಯಾಹ್ನ ಹಳ್ಳಿ ಅಂಗಡಿಗಳು ಬಾಗಿಲು ಹಾಕಿಬಿಡುತ್ತವೆ. ಅದಕ್ಕೆ ಬೆಳಿಗ್ಗೆಯೇ ಉದ್ದನೆ ಬ್ರೆಡ್, ಮೇಕೆ ಹಾಲಿನ ಚೀಸ್, ಟೊಮೇಟೊ ತೆಗೆದುಕೊಂಡುಬಿಡುತ್ತಿದ್ದೆವು. ಜೊತೆಗೆ ನೀನು ಕಳಿಸಿದ ಚಟ್ನಿಪುಡಿ ಡಬ್ಬಿ. ಮೇಕೆ ಚೀಸಿಗೂ ಶೇಂಗಾ ಚಟ್ನಿಪುಡಿಗೂ ಎಷ್ಟು ಚೆನ್ನಾಗಿ ಹೊಂದುತ್ತದೆ ಗೊತ್ತಾ! ಕುಡಿಯುವ ನೀರಿಗೆ ಇಲ್ಲಿನ ಸೈಕಲ್‌ನವರದ್ದು ಒಂದು ಉಪಾಯ ಇದೆ. ಹಳ್ಳಿಯ ಸ್ಮಶಾನಕ್ಕೆ ಹೋಗುವುದು. ಸಮಾಧಿ ಮೇಲಿನ ಹೂವಿಗೆ ಹಾಕಲು ಅಲ್ಲಿ ನಲ್ಲಿ ಇರುತ್ತದೆ. ಸಾಮಾನ್ಯವಾಗಿ ಊರಿಗೆಲ್ಲ ಬರುವ ನೀರೇ. ಕುಡಿಯಬಾರದ್ದಾದರೆ ಬೋರ್ಡು ಹಾಕಿರುತ್ತಾರೆ. ನಿನಗೆ ಮನಸ್ಸು ಒಪ್ಪದಿದ್ದರೆ ಮನೆಯಿಂದಲೇ ತುಂಬಿಸಿಕೊಂಡು ಹೊರಡೋಣ.

ಒಂದು ದಿನ ದಾರಿ ಬಿಟ್ಟು ಶಾಪೇಜ್ ಅನ್ನುವ ಹಳ್ಳಿಗೆ ತಿರುಗಿದೆವು. ಬೆರಳೆಣಿಕೆಯ ಮನೆಗಳ ನಡುವೆ 11ನೇ ಶತಮಾನದ ಇಗರ್ಜಿ. ಅದರ ಗಂಟೆಗೋಪುರ 35 ಮೀಟರ್ ಎತ್ತರ. ಮೈಲಿ ದೂರದಿಂದಲೇ ಕಾಣುತ್ತದೆ. ಅಲ್ಲಿಗೆ ಹೋಗುವ ರಸ್ತೆಯಲ್ಲಿ ಕಾರುಗಳಿಗೆ ಅವಕಾಶ ಇದೆ, ಆದರೆ ಬರುವುದು ಅಪರೂಪ. ಊರ ಹೊರಗಿನ ರಸ್ತೆಯಲ್ಲಿ ಸೈಕಲನ್ನು ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಜಾಗ ಬಿಡಬೇಕು ಅಂತ ಇಲ್ಲಿ ಕಾನೂನೇ ಇದೆ. ನಾವು ಕಂಡ ಮಟ್ಟಿಗೆ ಪಾಲಿಸುತ್ತಾರೆ.

ಕೊರ್ಮಾತಾಂನಲ್ಲಿ 17ನೇ ಶತಮಾನದ ಅರಮನೆ, ಸುತ್ತ ನೀರಿನ ಕಂದಕ, ತೋಟ. ಅದಾದ ಮೇಲೆ ಗುಡ್ಡದ ಮೇಲೆ ತೇಜೆ ಎಂಬ ಹಳ್ಳಿ. 1940ರಲ್ಲಿ ಬ್ರದರ್ ರೋಜೆ ಅನ್ನುವವರು ಬಂದು ನೆಲೆಸಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಯಹೂದಿಗಳೂ ಸೇರಿ ಓಡಿಬಂದವರಿಗೆ ಆಶ್ರಯ ಕೊಟ್ಟ ಜಾಗ. ಈಗ ಬೇರೆ ಬೇರೆ ದೇಶಗಳಿಂದ ಹುಡುಗ ಹುಡುಗಿಯರು ಬಂದು ಪ್ರಾರ್ಥನೆ, ಹಾಡು ಅಂತ ವಾರಗಟ್ಟಲೆ ಉಳಿಯುತ್ತಾರೆ. ಸಂಜೆ ಪ್ರಾರ್ಥನೆಗೆ ನಾವೂ ಹೋಗಿ ನೆಲದ ಮೇಲೆ ಕೂತೆವು. ಒಂದೇ ಸಾಲನ್ನು ಮತ್ತೆ ಮತ್ತೆ ಮೆಲ್ಲಗೆ ಹಾಡುತ್ತಾರೆ. ಅಮ್ಮನ ಭಜನೆ ಮನೆಯವರಿಗೆಲ್ಲ ಇದು ಹಿಡಿಸುತ್ತದೆ.

ಕ್ಲ್ಯೂನಿಯಲ್ಲಿ ಮಾತ್ರ ನನಗೆ ಮನಸ್ಸು ಭಾರವಾಯಿತು. ಅಲ್ಲಿನ ಮಠ ಶುರುವಾಗಿದ್ದು 910ರಲ್ಲಿ. 1088ರಲ್ಲಿ ಅದರ ದೊಡ್ಡ ಇಗರ್ಜಿಗೆ ಕೈಹಾಕಿದರು. ಉದ್ದ 187 ಮೀಟರ್. ರೋಮಿನಲ್ಲಿ ಈಗಿನ ಸೇಂಟ್ ಪೀಟರ್ಸ್ ಕಟ್ಟುವ ತನಕ ಕ್ರೈಸ್ತ ಜಗತ್ತಿನಲ್ಲಿ ಇಷ್ಟು ದೊಡ್ಡದು ಇನ್ನೊಂದಿರಲಿಲ್ಲ. ಫ್ರೆಂಚ್ ಕ್ರಾಂತಿ ಆಯಿತು, ಸನ್ಯಾಸಿಗಳನ್ನು ಹೊರಗೆ ಹಾಕಿದರು. 1798ರಲ್ಲಿ ವ್ಯಾಪಾರಿಗಳಿಗೆ ಮಾರಿದರು. ಅವರು ವರ್ಷಗಟ್ಟಲೆ ಕೆಡವಿ ಕಲ್ಲು ಮಾರಿಕೊಂಡರು. ನೆಪೋಲಿಯನ್ ಕಾಲದ ಕುದುರೆ ಲಾಯಕ್ಕೂ ಅದೇ ಕಲ್ಲು. ಈಗ ನಿಂತಿರುವುದು ಒಂದು ಪಕ್ಕದ ತೋಳು, ಅದರ ಮೇಲೆ ಎತ್ತರದ ಒಂದು ಗೋಪುರ. ಉಳಿದ ಉದ್ದವನ್ನು ನೆಲದಲ್ಲಿ ನಡೆದು ಅಂದಾಜು ಮಾಡಬೇಕು. ಮಗ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿ ನೋಡಿದ, ಏದುಸಿರು ಬಂತು. ಅದೇ ಊರಿನಲ್ಲಿ ರೈಲು ನಿಂತಾಗ ಮಾತ್ರ ಯಾರೋ ಬುದ್ಧಿವಂತರು ಹಳಿಯ ಜಾಗವನ್ನು ತುಂಡು ತುಂಡು ಮಾಡಿ ಮಾರಲು ಬಿಡಲಿಲ್ಲ. ಒಮ್ಮೆ ತುಂಡಾಗಿದ್ದರೆ ಮತ್ತೆ ಜೋಡಿಸಲು ಆಗುತ್ತಲೇ ಇರಲಿಲ್ಲ. ನಮ್ಮ ನಾಲೆ ಏರಿಗಳ ಮೇಲೂ ಯಾರಾದರೂ ಹೀಗೆ ಕಣ್ಣಿಟ್ಟು, ಊರಿಂದ ಊರಿಗೆ ಸೈಕಲ್ ದಾರಿ ಅಂತ ಉಳಿಸಿಕೊಟ್ಟರೆ ಎಷ್ಟು ಮಕ್ಕಳು ಹೆದರದೆ ಸ್ಕೂಲಿಗೆ ಹೋಗಬಹುದು! ನೀವು ಪಂಚಾಯಿತಿಯಲ್ಲಿ ಮಾತೆತ್ತಬೇಕು ಅಪ್ಪ. ನಿಮ್ಮ ಮಾತು ಕೇಳುತ್ತಾರೆ.

ಕ್ಲ್ಯೂನಿಯಿಂದ ಮಾಕೋನ್ ಕಡೆಗೆ ದಾರಿ ಮುಂದುವರಿಯುತ್ತದೆ. ಅಲ್ಲಿ ಒಂದು ರೈಲು ಸುರಂಗ ಇದೆ, 1.6 ಕಿಲೋಮೀಟರ್ ಉದ್ದ. ಹುಲಿಕೆರೆ ಸುರಂಗದಲ್ಲಿ ನಾಲೆ ನೀರು ಹೇಗೆ ಗುಡ್ಡ ದಾಟುತ್ತದೆ ಅಂತ ನೀವು ಮಗನಿಗೆ ಫೋನಿನಲ್ಲಿ ಹೇಳಿದ್ದಿರಲ್ಲ, ಅವನಿಗೆ ಅದೇ ಗುಂಗು. ಒಳಗೆ ಹೋದ ಕೂಡಲೇ ಮೈ ಜುಮ್ಮೆನ್ನುವಷ್ಟು ತಂಪು. ದೀಪ ಇದೆ. ಆದರೂ ಸ್ವೆಟರ್ ಬೇಕೇ ಬೇಕು. ಚಳಿಗಾಲದಲ್ಲಿ ಬಾವಲಿಗಳು ಅಲ್ಲಿ ಮಲಗುತ್ತವೆ ಅಂತ ಸುರಂಗ ಮುಚ್ಚಿಬಿಡುತ್ತಾರೆ. ಆಗ ಸೈಕಲ್‌ನವರು ಗುಡ್ಡ ಹತ್ತಿ ಬಳಸಿ ಹೋಗಬೇಕು. ಸುರಂಗ ದಾಟಿದ ಮೇಲೆ ಬೆಟ್ಟದ ಮೇಲೆ ಬೆರ್ಜೆ ಕೋಟೆ ಕಾಣುತ್ತದೆ, ಮತ್ತೆ ದ್ರಾಕ್ಷಿ ತೋಟಗಳು. ಮಾಕೋನಿನಿಂದ ಲಿಯಾನಿಗೆ ರೈಲು.

ಸೆಪ್ಟೆಂಬರ್ ಅಂದಿದ್ದು ಅದಕ್ಕೇ. ಸುರಂಗ ತೆರೆದಿರುತ್ತದೆ, ಬಿಸಿಲು ಕಡಿಮೆ, ದ್ರಾಕ್ಷಿ ಕೊಯ್ಲಿನ ಹೊತ್ತು. ಅಪ್ಪನ ಮಂಡಿಗೆ ತೊಂದರೆ ಆಗದ ಹಾಗೆ ಬ್ಯಾಟರಿ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳೋಣ. ದಿನಕ್ಕೆ ಹದಿನೈದು ಕಿಲೋಮೀಟರ್ ಸಾಕು, ಅವಸರ ಏನೂ ಇಲ್ಲ. ಅಮ್ಮ, ನೀನು ಹೈಸ್ಕೂಲಿಗೆ ಸೈಕಲ್ಲಲ್ಲೇ ಹೋಗುತ್ತಿದ್ದೆ, ಮದುವೆ ಆದ ಮೇಲೆ ಬಿಟ್ಟೆ ಅಂತ ಅಜ್ಜಿ ಹೇಳುತ್ತಿದ್ದರು. ಈಗ ಆಗಲ್ಲ ಅನ್ನಬೇಡ. ಇಲ್ಲಿ ನಿನ್ನನ್ನು ಹಿಂದಿನಿಂದ ತಳ್ಳಿಕೊಂಡು ಬರುವ ಗಾಡಿ ಒಂದೂ ಇರುವುದಿಲ್ಲ. ಚೂಡಿದಾರ್ ಎರಡು ಜೊತೆ ಹೊಲಿಸಿಕೊ, ಕಾಲಿನ ಹತ್ತಿರ ಬಿಗಿಯಾಗಿರಲಿ, ಚೈನಿಗೆ ಸಿಕ್ಕಬಾರದು.

ಮೊದಲು ಪಾಸ್‌ಪೋರ್ಟ್ ತೆಗೆದು ತಾರೀಕು ನೋಡಿ. ಇಲ್ಲಿಂದ ವಾಪಸ್ ಹೊರಡುವ ದಿನದ ಮೇಲೆ ಕನಿಷ್ಠ ಮೂರು ತಿಂಗಳು ಅವಧಿ ಉಳಿದಿರಬೇಕು. ಇಲ್ಲದಿದ್ದರೆ ಈ ವಾರವೇ ಅರ್ಜಿ ಹಾಕಿ. ಅಪ್ಪನ ಮಂಡಿಗೆ ಡಾಕ್ಟರು ಏನು ಹೇಳಿದರು ಅಂತ ಬಿಡಿಸಿ ಬರೆಯಿರಿ, "ಪರವಾಗಿಲ್ಲ" ಅಂತ ಹಾರಿಸಬೇಡಿ. ಹಿತ್ತಿಲಿನ ಸೈಕಲ್‌ಗೆ ಟ್ಯೂಬ್ ಹಾಕಿಸಿ, ಬೆಳಗಿನ ಜಾವ ಗಾಡಿ ಓಡಾಟ ಶುರುವಾಗುವ ಮುಂಚೆ ಏರಿ ಮೇಲೆ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿ. ಅಮ್ಮನೂ ಹೋಗಲಿ. ಚಟ್ನಿಪುಡಿ ಖಾಲಿಯಾಗಿದೆ, ಬರುವಾಗ ತನ್ನಿ.

ನಿಮ್ಮ ಅಳಿಯಂದಿರು, ಮೊಮ್ಮಗ ನಮಸ್ಕಾರ ಹೇಳಿದ್ದಾರೆ.

ಇಂತಿ ನಿಮ್ಮ ಪ್ರೀತಿಯ ಮಗಳು