ಸುಟ್ಟ ಮರದ ಜಾಡು

ಸಂಪಾದಕರಿಗೆ ನಮಸ್ಕಾರ.

ಯಹೂದಿಗಳ ಪ್ರಾರ್ಥನಾ ಮಂದಿರ ಎಂದರೆ ನಮಗೆ ನೆನಪಾಗುವುದು ಕೊಚ್ಚಿಯದು, ಅಲ್ವಾ? ಪೋಲೆಂಡ್, ಲಿಥುವೇನಿಯಾ, ಉಕ್ರೇನ್‌ಗಳ ಸಣ್ಣ ಊರುಗಳಲ್ಲಿ 17-18ನೇ ಶತಮಾನದಲ್ಲಿ ಇವನ್ನು ಮರದಲ್ಲೇ ಕಟ್ಟುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಹೆಚ್ಚಿನವನ್ನು ಸುಟ್ಟುಹಾಕಿದರು.

ಮರ ಸುಟ್ಟ ಮೇಲೆ ಅಗೆಯುವವರಿಗೆ ಸಿಗುವುದೇನು? ಇದ್ದಿಲು, ಮೊಳೆ, ತಳಪಾಯದ ಕಲ್ಲು. ಗೋಡೆ ಎಲ್ಲಿತ್ತು ಎಂದು ಅವು ಹೇಳಬಹುದು. ಛಾವಣಿ ಹೇಗಿತ್ತು ಎಂದು ಹೇಳಲಾರವು. ಸೊಬಗೆಲ್ಲ ಇದ್ದದ್ದೇ ಆ ಛಾವಣಿಯಲ್ಲಿ! ಹಾಗಾಗಿ ಹಳೇ ಫೋಟೊ, ಅಳತೆಯ ನಕ್ಷೆಗಳೂ ಬೇಕು. ಈಗ ಉಕ್ರೇನ್‌ನಲ್ಲಿರುವ ಗ್ವೋಜ್‌ಜೆಟ್ಸ್ ಎಂಬ ಊರಿನ ಮಂದಿರದ ಛಾವಣಿಯನ್ನು ಮತ್ತೆ ಕಟ್ಟಿದ್ದು ಹೀಗೆಯೇ. 2011ರಲ್ಲಿ ಪೋಲೆಂಡ್‌ನ ಸಾನೊಕ್‌ನಲ್ಲಿ ಹಳೇ ಕಾಲದ ಕೊಡಲಿ, ಗರಗಸ ಹಿಡಿದು ಮರ ಕೆತ್ತಿದರು. ಒಳಗಿನ ಚಿತ್ರಗಳನ್ನೂ ಕೈಯಲ್ಲೇ ಬರೆದರು. ಮೂಲಕ್ಕಿಂತ ಸ್ವಲ್ಪ ಚಿಕ್ಕದಾದ ಅದು ಈಗ ವಾರ್ಸಾದಲ್ಲಿ, ಪೋಲೆಂಡ್‌ನ ಯಹೂದಿಗಳ ಇತಿಹಾಸ ಹೇಳುವ ಪೋಲಿನ್ ಮ್ಯೂಸಿಯಂನಲ್ಲಿದೆ.

ಸುಮ್ನೆ ನಕಲು ಎಂದು ಮೂಗು ಮುರಿಯಲು ನನಗೆ ಮನಸ್ಸಿಲ್ಲ. ಆದರೆ ಮೂಲ ಜಾಗಗಳನ್ನೂ ನೋಡಿಕೊಳ್ಳಬೇಕು. ಅಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡುವ ಮೊದಲು ಪುರಾತತ್ವದವರಿಗೆ ಕೆಲವು ವಾರವಾದರೂ ಬಿಟ್ಟುಕೊಡಲಿ. ಇದ್ದಿಲಿನ ತೆಳು ಪದರ ಜೆಸಿಬಿಗೆ ಸಿಕ್ಕರೆ ಅರ್ಧ ಗಂಟೆಯೂ ಉಳಿಯುವುದಿಲ್ಲ.

– ಒಬ್ಬ ಓದುಗ, ಮೈಸೂರು